ಕೊಡಗಿನಲ್ಲಿದ್ದು ಸ್ವತಂತ್ರವಾಗಿ ಸಿನಿಮಾ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿರಾಜಪೇಟೆಯ ಪಕ್ಕದ ಒಂದು ಊರಿನಲ್ಲಿದ್ದುಕೊಂಡು ಹದಿಮೂರು ವರ್ಷಗಳಿಂದ ಸಿನಿಮಾ ಮಾಡುತ್ತಿದ್ದೇನೆ. ಎರಡು ಪೂರ್ಣಪ್ರಮಾಣದ ಚಿತ್ರಗಳು, ಐದು ಸಾಕ್ಷ್ಯಚಿತ್ರಗಳು, ಕೆಲವು ಕಿರುಚಿತ್ರಗಳು. ಎಲ್ಲದಕ್ಕೂ ನಾನೇ ನಿರ್ಮಾಪಕಿ, ನಾನೇ ನಿರ್ದೇಶಕಿ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯ ಕಾಲೇಜುಗಳಿಗೆ ಹೋದಾಗಲೆಲ್ಲ ಹುಡುಗ ಹುಡುಗಿಯರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅಲ್ಲಿ ಸಮಯ ಸಾಲದೆ ಅರ್ಧಕ್ಕೆ ನಿಂತ ಉತ್ತರಗಳನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ನಿರ್ದೇಶಕರಾಗುವ ಆಸೆ ನನಗಿದೆ. ನಿರ್ಮಾಪಕನ ಕೆಲಸವನ್ನೂ ಯಾಕೆ ಹೊರಬೇಕು?

ಕಾನೂನಿನಿಂದಲೇ ಶುರು ಮಾಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಚಲನಚಿತ್ರದ ಕರ್ತೃ ಅದರ ನಿರ್ಮಾಪಕ. ಕಥೆ ಹೊಳೆದದ್ದು ನಿಮಗೆ, ನಿದ್ದೆಗೆಟ್ಟದ್ದು ನೀವು, ಸಂಕಲನದ ಕೋಣೆಯಲ್ಲಿ ಕೂತು ಕಣ್ಣು ಕೆಂಪು ಮಾಡಿಕೊಂಡದ್ದು ನೀವು. ಆದರೂ ಬೇರೆಯವರು ನಿರ್ಮಾಪಕರಾಗಿದ್ದರೆ ಚಿತ್ರದ ಹಕ್ಕು ಅವರದು, ಅದೂ ಬಿಡುಗಡೆಯ ನಂತರ ಅರವತ್ತು ವರ್ಷ. ಯಾವ ದೃಶ್ಯ ಉಳಿಯಬೇಕು, ಯಾರಿಗೆ ಮಾರಬೇಕು, ಯಾವ ಭಾಷೆಗೆ ಡಬ್ ಮಾಡಬೇಕು ಎಂಬ ತೀರ್ಮಾನದಲ್ಲಿ ಒಪ್ಪಂದ ಕೊಟ್ಟಷ್ಟೇ ಮಾತು ನಿಮ್ಮದು.

ಒಳ್ಳೆಯ ನಿರ್ಮಾಪಕರು ಸಿಕ್ಕವರು ಪುಣ್ಯವಂತರು. ನನಗೆ ಸಿಗಲಿಲ್ಲ. ನನ್ನ ಮೊದಲ ಚಿತ್ರಕಥೆಯನ್ನು ಕೇಳಿದವರೊಬ್ಬರು ಹಣ ಹಾಕಲು ಒಪ್ಪಿ, ಮುಂಗಡವನ್ನೂ ಕೊಟ್ಟು, ಕೊನೆಗೆ ಕಥೆಯ ಅಜ್ಜಿಯನ್ನು ತೆಗೆದು ಇಬ್ಬರು ನಾಯಕಿಯರನ್ನು ಸೇರಿಸಿ ಎಂದರು. ಅಜ್ಜಿ ಇಲ್ಲದಿದ್ದರೆ ಅಲ್ಲಿ ಕಥೆಯೇ ಇರಲಿಲ್ಲ. ಮುಂಗಡವನ್ನು ಹಿಂದಿರುಗಿಸಿದ ದಿನ ನಾನು ನಿರ್ಮಾಪಕಿಯಾದೆ. ಅಂದಿನಿಂದ ನನ್ನ ಚೀಲದಲ್ಲಿ ಚಿತ್ರಕಥೆಯ ಜೊತೆಗೆ ಒಂದು ಕೆಂಪು ರಟ್ಟಿನ ಲೆಕ್ಕದ ಪುಸ್ತಕವೂ ಇರುತ್ತದೆ.

ಸಿನಿಮಾ ಶಾಲೆಯಲ್ಲಿ ಓದಲೇಬೇಕೆ?

ಓದಿದರೆ ಒಳ್ಳೆಯದು. ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಎಲ್ಲರಿಗೂ ಗೊತ್ತು. ನಮ್ಮವರೇ ಮರೆಯುವುದು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯನ್ನು. ಅದರ ಮೂಲ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಛಾಯಾಗ್ರಹಣ ವಿಭಾಗ. ಮೈಸೂರಿನ ವಿ. ಕೆ. ಮೂರ್ತಿ ಅಲ್ಲಿ ಕಲಿತೇ ಮುಂಬೈಗೆ ಹೋದರು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಗೋವಿಂದ ನಿಹಲಾನಿ ಕೂಡ ಅಲ್ಲಿಯ ವಿದ್ಯಾರ್ಥಿ.

ನಾನು ಯಾವ ಶಾಲೆಗೂ ಹೋಗಿಲ್ಲ. ನಾಲ್ಕು ವರ್ಷ ಸಹಾಯಕ ನಿರ್ದೇಶಕಿಯಾಗಿ ಕ್ಲ್ಯಾಪ್ ಹಿಡಿದೆ, ಒಂದು ಶಾಟ್‌ಗೂ ಮುಂದಿನದಕ್ಕೂ ಹೊಂದಿಕೆ ತಪ್ಪದಂತೆ ಕಂಟಿನ್ಯುಟಿ ಬರೆದೆ. ಶಾಲೆ ತಪ್ಪಿದ್ದರಿಂದ ನನಗಾದ ದೊಡ್ಡ ನಷ್ಟ ಪಾಠದ್ದಲ್ಲ, ಸಹಪಾಠಿಗಳದ್ದು. ಅಲ್ಲಿ ಓದಿದವರಿಗೆ ಛಾಯಾಗ್ರಾಹಕ, ಸಂಕಲನಕಾರ, ಧ್ವನಿಗ್ರಾಹಕ ಎಲ್ಲರೂ ಒಂದೇ ಹಾಸ್ಟೆಲ್‌ನಲ್ಲಿ ಸಿಗುತ್ತಾರೆ. ನಾನು ಅವರನ್ನು ಒಬ್ಬೊಬ್ಬರಾಗಿ ಹುಡುಕಬೇಕಾಯಿತು.

ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿನ ಗಾಂಧಿನಗರಕ್ಕೆ ಹೋಗದೆ ಆಗುತ್ತದೆಯೆ?

ಇಲ್ಲಿ ಇದ್ದುಕೊಂಡು ಆಗುತ್ತದೆ. ಹೋಗದೆ ಆಗುವುದಿಲ್ಲ. ಶೀರ್ಷಿಕೆ ನೋಂದಣಿಗೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಸೆನ್ಸಾರ್‌ಗೆ ಪ್ರಾದೇಶಿಕ ಕಚೇರಿ, ಡಬ್ಬಿಂಗ್‌ಗೆ ಸ್ಟುಡಿಯೋ, ಎಲ್ಲವೂ ಬೆಂಗಳೂರಿನಲ್ಲಿವೆ. ನಮ್ಮ ಜಿಲ್ಲೆಗೆ ರೈಲಿಲ್ಲ. ಕ್ಯಾಮೆರಾ, ಲೈಟು, ಜನರೇಟರ್ ಎಲ್ಲ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ರಸ್ತೆಯಲ್ಲೇ ಬರಬೇಕು, ಬಾಡಿಗೆಯ ಮೀಟರು ಅಲ್ಲಿಂದ ಹೊರಟ ಗಳಿಗೆಯಿಂದ ಓಡುತ್ತದೆ. ಬರವಣಿಗೆ, ಪಾತ್ರವರ್ಗ, ತಾಲೀಮು, ಚಿತ್ರೀಕರಣ, ಒರಟು ಸಂಕಲನ ಇವಿಷ್ಟನ್ನು ನಾನು ಇಲ್ಲೇ ಮುಗಿಸುತ್ತೇನೆ.

ಹಣ ಎಲ್ಲಿಂದ ತರುತ್ತೀರಿ?

ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ನಾಚಿಕೆ ಬೇಡ, ಜೋರಾಗಿಯೇ ಕೇಳಿ.

ನನ್ನ ಮೊದಲ ಚಿತ್ರಕ್ಕೆ ಹಣ ಬಂದದ್ದು ಮೂರು ಕಡೆಯಿಂದ. ಸಾಕ್ಷ್ಯಚಿತ್ರಗಳಲ್ಲಿ ದುಡಿದು ಉಳಿಸಿದ್ದು, ಅಣ್ಣ ಮೆಣಸು ಮಾರಿ ಕೊಟ್ಟ ಸಾಲ, ಏಳು ಮಂದಿ ಪರಿಚಿತರು ಪಾಲು ಹಾಕಿದ್ದು. ತೋಟ ಅಡವಿಡಲು ನಾನು ಒಪ್ಪಲಿಲ್ಲ, ನಿಮಗೂ ಹೇಳುವುದು ಅದನ್ನೇ. ಸಿನಿಮಾ ಮುಳುಗಿದರೆ ಇನ್ನೊಂದು ಸಿನಿಮಾ ಮಾಡಬಹುದು. ಅಪ್ಪ ಅಮ್ಮ ಉಣ್ಣುವ ನೆಲ ಹೋದರೆ ಮತ್ತೆ ಬರುವುದಿಲ್ಲ.

ಜನರಿಂದ ಹಣ ಕೂಡಿಸಿ ಮಾಡಿದ ಕನ್ನಡ ಚಿತ್ರಗಳಲ್ಲಿ 2013ರ 'ಲೂಸಿಯಾ' ಹೆಸರಾದದ್ದು. ಪವನ್ ಕುಮಾರ್ ಒಂದು ತಿಂಗಳೂ ತುಂಬುವ ಮೊದಲೇ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಸಂಗ್ರಹಿಸಿದ್ದರು. ಅದನ್ನು ನೋಡಿ ಎಷ್ಟೋ ಮಂದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖಾತೆ ಸಂಖ್ಯೆ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ. ಲಾಭ ಕೊಡುತ್ತೇನೆಂದು ಸಾರ್ವಜನಿಕರಿಂದ ಹಣ ಎತ್ತುವುದಕ್ಕೆ ಕಟ್ಟುನಿಟ್ಟಿನ ಕಾನೂನುಗಳಿವೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸಿ 2019ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಮೊದಲು ಒಬ್ಬ ಲೆಕ್ಕಪರಿಶೋಧಕರ ಮುಂದೆ ಕೂತು, ಪಾಲುದಾರಿಕೆಯೋ ಕಂಪನಿಯೋ ತೀರ್ಮಾನಿಸಿ, ಚಿತ್ರಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಪಾಲು ಹಾಕಿದವರಿಗೆ ಬರವಣಿಗೆಯಲ್ಲೇ ತಿಳಿಸಿ: ಈ ಹಣ ಹಿಂದೆ ಬಾರದೆಯೂ ಇರಬಹುದು. ನಾನು ಹೀಗೆ ಬರೆದುಕೊಟ್ಟಾಗ ಒಬ್ಬರು ಹಿಂದೆ ಸರಿದರು. ಉಳಿದ ಏಳು ಮಂದಿ ಇಂದಿಗೂ ಮದುವೆ ಮುಂಜಿಯಲ್ಲಿ ಸಿಕ್ಕಾಗ ನನ್ನ ಜೊತೆ ನಗುತ್ತಾ ಊಟಕ್ಕೆ ಕೂರುತ್ತಾರೆ.

ಗುಣಾತ್ಮಕ ಚಿತ್ರಗಳಿಗೆ ರಾಜ್ಯ ಸರ್ಕಾರದ ಸಹಾಯಧನವಿದೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮೂಲಕ ಬರುತ್ತದೆ. ಪ್ರಾದೇಶಿಕ ಭಾಷೆಗಳ ಚಿತ್ರಗಳಿಗೂ ಅದರಲ್ಲಿ ಅವಕಾಶವಿದೆ. ಅರ್ಜಿ ಹಾಕುವುದನ್ನು ತಪ್ಪಿಸಬೇಡಿ. ಆದರೆ ಅದು ಚಿತ್ರ ಮುಗಿದ ಮೇಲಿನ ಮಾತು, ಆಯ್ಕೆಯಾದರೆ ಮಾತ್ರ ಬರುವ ಹಣ. ಚಿತ್ರೀಕರಣದ ಬಜೆಟ್ಟಿನಲ್ಲಿ ಅದನ್ನು ಜಮಾ ಎಂದು ಬರೆದುಕೊಂಡವರು ಕೊನೆಗೆ ಬಡ್ಡಿಗೆ ಸಾಲ ತಂದದ್ದನ್ನು ಹತ್ತಿರದಿಂದ ಕಂಡಿದ್ದೇನೆ.

ಬಜೆಟ್ ಬರೆಯುವಾಗ ಹೊಸಬರು ಏನನ್ನು ಮರೆಯುತ್ತಾರೆ?

ಊಟ, ವಾಹನ, ಹಾರ್ಡ್ ಡಿಸ್ಕ್, ಧ್ವನಿ. ಕ್ಯಾಮೆರಾ ಬಾಡಿಗೆಯನ್ನು ಯಾರೂ ಮರೆಯುವುದಿಲ್ಲ. ಆದರೆ ಹದಿನಾರು ಮಂದಿಗೆ ಹತ್ತೊಂಬತ್ತು ದಿನ ಮೂರು ಹೊತ್ತಿನ ಊಟ, ನಾಲ್ಕು ಹೊತ್ತಿನ ಕಾಫಿ ಎಷ್ಟಾಗುತ್ತದೆಂದು ಕೂಡಿಸಿ ನೋಡಿ. ನನ್ನ ನಿಯಮ ಒಂದಿದೆ. ಅಡುಗೆಯವರಿಗೆ, ಡ್ರೈವರ್‌ಗೆ, ಲೈಟ್ ಹುಡುಗರಿಗೆ ದಿನದ ಬಟವಾಡೆ ಅಂದೇ ಸಂಜೆ, ನನ್ನ ಕೈಯಿಂದಲೇ, ಸಹಿ ಹಾಕಿಸಿಕೊಂಡು. ಮಳೆಗೆ ಚಿತ್ರೀಕರಣ ನಿಂತ ದಿನವೂ ಕೊಡುತ್ತೇನೆ. ಇನ್ನು ಬಜೆಟ್ಟಿನಲ್ಲಿ ಮಳೆಯ ದಿನಗಳೆಂದು ಒಂದು ಸಾಲು ಇರಲೇಬೇಕು. ಕೊಡಗಿನ ಚಿತ್ರಕ್ಕೆ ನಾನು ಆರು ದಿನಕ್ಕೆ ಒಂದು ದಿನದಂತೆ ಎತ್ತಿಡುತ್ತೇನೆ.

ಕೊಡಗಿನಲ್ಲಿ ಚಿತ್ರೀಕರಣಕ್ಕೆ ಯಾವ ತಿಂಗಳು ಸರಿ?

ಹೊರಗಿನವರು ಈ ಪ್ರಶ್ನೆ ಕೇಳಿದಾಗ ಅವರಿಗೆ ಬೇಕಾದ ಉತ್ತರ ಮಂಜಿನ ತಿಂಗಳು ಯಾವುದು ಎಂಬುದು. ಕೊಡಗಿನವರು ಹೀಗೆ ಕೇಳಬಾರದು. ಮೊದಲು ಕಥೆ ಯಾವ ಕಾಲದಲ್ಲಿ ನಡೆಯುತ್ತದೆಂದು ನೋಡಿ, ಆ ಕಾಲಕ್ಕೆ ಕಾದು ಕೂರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಭಾಗಮಂಡಲದ ಕಡೆ ಹಗಲು ರಾತ್ರಿ ಬಿಡದೆ ಹೊಯ್ಯುತ್ತದೆ. ಮಳೆಯ ಕಥೆಯಾದರೆ ಮಳೆಯಲ್ಲೇ ತೆಗೆಯಿರಿ, ಟ್ಯಾಂಕರ್ ನೀರು ಚಿಮ್ಮಿಸಿದರೆ ನಮ್ಮ ಜನಕ್ಕೆ ತಕ್ಷಣ ಗೊತ್ತಾಗುತ್ತದೆ. ಆದರೆ ಇಳಿಜಾರಿನಲ್ಲಿ ಸೆಟ್ ಹಾಕಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಹೇಗೆ ಜಾರಿದವೆಂದು ಮಡಿಕೇರಿ, ಸೋಮವಾರಪೇಟೆ ಕಡೆಯವರನ್ನು ಕೇಳಿ. ಮಳೆ ಜೋರಾದಾಗ ಜಿಲ್ಲಾಡಳಿತದ ಸೂಚನೆ ಬಂದರೆ ಆ ದಿನವೇ ತಂಡವನ್ನು ಇಳಿಸಿ. ಕರೆಂಟು ದಿನಗಟ್ಟಲೆ ಇರುವುದಿಲ್ಲ. ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಬಲ್ಬ್ ಉರಿಯುವ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಂಜಿನಲ್ಲಿ ತಣ್ಣಗಾದ ಕ್ಯಾಮೆರಾವನ್ನು ಒಮ್ಮೆಗೇ ಬೆಚ್ಚನೆಯ ಕೋಣೆಗೆ ತರಬೇಡಿ, ಜಗಲಿಯಲ್ಲಿ ಅರ್ಧ ಗಂಟೆ ಇಟ್ಟು ಒಯ್ಯಿರಿ. ಇಂಬಳಕ್ಕೆ ಉಪ್ಪು, ಸುಣ್ಣ ಜೊತೆಯಲ್ಲಿರಲಿ.

ಫೆಬ್ರವರಿ ಕೊನೆಯಿಂದ ಕಾಫಿ ಹೂವಿನ ಕಾಲ. ತೋಟವೆಲ್ಲ ಬಿಳಿಯಾಗುವುದು ಮೂರು ನಾಲ್ಕು ದಿನ ಮಾತ್ರ. ಹೂಮಳೆ ಬಿದ್ದ ಎಂಟು ಒಂಬತ್ತು ದಿನಕ್ಕೆ ಹೂವು ಬಿರಿಯುತ್ತದೆ. ರೊಬಸ್ಟಾ ತಳಿಯ ಕಾಫಿ ತೋಟದವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾರಿಸುವುದರಿಂದ ನಮಗೊಂದು ಅನುಕೂಲವಿದೆ. ನೀರು ಕೊಡುವ ದಿನ ತಿಳಿದರೆ ಹೂವಿನ ದಿನವನ್ನು ಬೆರಳೆಣಿಸಿ ಹೇಳಬಹುದು. ಅಕ್ಕಪಕ್ಕದ ತೋಟದ ನೀರಿನ ಎಂಜಿನ್ ಯಾವಾಗ ನಿಲ್ಲುತ್ತದೆಂದೂ ಕೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಮಾತಿನ ದೃಶ್ಯವೆಲ್ಲ ಆ ಸದ್ದಿನಲ್ಲಿ ಮುಳುಗುತ್ತದೆ.

ಕಾಫಿ ಕುಯ್ಲಿನದೊಂದು ಪ್ರಸಂಗ ಹೇಳಬೇಕು. ಮೊದಲ ಚಿತ್ರದಲ್ಲಿ ಕುಯ್ಲಿನ ದೃಶ್ಯವೊಂದಿತ್ತು. ಕ್ಯಾಮೆರಾ ಬಾಡಿಗೆ ಉಳಿಸಲು ಅದನ್ನು ನವೆಂಬರ್ ಕೊನೆಗೇ ತೆಗೆಯಲು ಹೊರಟೆ. ತೋಟ ರೊಬಸ್ಟಾದ್ದು, ಅದರ ಕುಯ್ಲು ಜನವರಿಗೆ. ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು, ಉಳಿದದ್ದೆಲ್ಲ ಹಸಿರು ಕಾಯಿ. ಪಾತ್ರ ಮಾಡುತ್ತಿದ್ದವರು ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ಹೆಂಗಸು, ಮೂವತ್ತು ವರ್ಷ ಕುಯ್ದ ಕೈ. ನಾನು 'ಆ್ಯಕ್ಷನ್' ಎಂದೆ. ಸೊಂಟಕ್ಕೆ ಚೀಲ ಕಟ್ಟಿಕೊಂಡು ರೆಂಬೆ ಬಗ್ಗಿಸಿದರು. ಬೆರಳು ಗೊಂಚಲಿನ ಮೇಲೆ ಹೋದವು, ನಿಂತವು. ಎರಡು ಹಣ್ಣು ಮಾತ್ರ ಬಿಡಿಸಿ ರೆಂಬೆಯನ್ನು ಮೆಲ್ಲನೆ ಬಿಟ್ಟುಬಿಟ್ಟರು. ಇನ್ನೊಮ್ಮೆ ಮಾಡಿಸಿದೆ, ಮತ್ತೆ ಹಾಗೆಯೇ. "ಎಲ್ಲ ಎಳೆದು ಹಾಕಿ ಅಕ್ಕ, ತೋಟದವರಿಗೆ ನಾನು ದುಡ್ಡು ಕಟ್ಟಿಕೊಡುತ್ತೇನೆ" ಎಂದೆ. "ಹಸಿ ಕಾಯಿಗೆ ಕೈ ಹೋಗುವುದಿಲ್ಲ ಕಣವ್ವಾ" ಎಂದರು. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬಂದು ಹೇಳಿದರೂ ಕೇಳಲಿಲ್ಲ. ಪ್ಯಾಕಪ್ ಮಾಡಿ, ಜನವರಿಯ ಎರಡನೇ ವಾರ ಬರೀ ಮೂರು ಜನ ಕ್ಯಾಮೆರಾ ಹಿಡಿದು ಹೋದೆವು. ಅಂದು ಆ ಕೈ ಓಡಿದ ರೀತಿಯನ್ನು ಯಾವ ತಾಲೀಮಿನಿಂದಲೂ ತರಲಾಗುತ್ತಿರಲಿಲ್ಲ. ಕೆಂಪು ಹಣ್ಣು ಚೀಲಕ್ಕೆ ಬೀಳುವ ಸದ್ದೊಂದೇ ಸಾಕೆಂದು ಆ ದೃಶ್ಯಕ್ಕೆ ಸಂಗೀತವನ್ನೇ ಹಾಕಲಿಲ್ಲ. ಚಿತ್ರ ಎರಡು ತಿಂಗಳು ತಡವಾಯಿತು. ಬೇರೆ ನಿರ್ಮಾಪಕರಿದ್ದಿದ್ದರೆ ಆ ಎರಡು ತಿಂಗಳು ನನಗೆ ಸಿಗುತ್ತಿರಲಿಲ್ಲ.

ಯಾವ ಯಾವ ಅನುಮತಿ ಬೇಕು?

ಖಾಸಗಿ ತೋಟವಾದರೆ ಮಾಲೀಕರ ಲಿಖಿತ ಒಪ್ಪಿಗೆ. ರಸ್ತೆ, ಪೇಟೆಯಾದರೆ ಪೊಲೀಸರಿಗೂ ಸ್ಥಳೀಯ ಸಂಸ್ಥೆಗೂ ಪತ್ರ. ನಾಲ್ಕುನಾಡು ಅರಮನೆಯಂಥ ಹಳೆಯ ಕಟ್ಟಡಕ್ಕೆ ಪುರಾತತ್ವ ಇಲಾಖೆ.

ಅರಣ್ಯ ಬೇರೆಯೇ ಲೋಕ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುತ್ತವೆ. ಅಲ್ಲಿ ಗಾರ್ಡ್‌ಗೆ ಪರಿಚಯ ಹೇಳಿ ಒಳಗೆ ಹೋಗುವ ಯೋಚನೆಯೇ ಬೇಡ. ನಾನು ಕಾಡಿನ ದೃಶ್ಯಗಳನ್ನು ಹಳೆಯ ಮರಗಳಿರುವ ಕಾಫಿ ತೋಟಗಳಲ್ಲೇ ತೆಗೆಯುತ್ತೇನೆ. ಹಾಗೆಂದು ತೋಟ ಸುರಕ್ಷಿತವೆಂದಲ್ಲ. ಸಿದ್ದಾಪುರ, ತಿತಿಮತಿ, ಮಾಲ್ದಾರೆ ಕಡೆ ಆನೆಗಳು ತೋಟದೊಳಗೇ ಇರುತ್ತವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಚಿತ್ರೀಕರಣ ಇಟ್ಟುಕೊಂಡರೆ ಹಿಂದಿನ ದಿನವೇ ಅರಣ್ಯ ಇಲಾಖೆಯವರನ್ನು ಕೇಳಿ. ಒಂದು ಒಳ್ಳೆಯ ಸೂರ್ಯೋದಯಕ್ಕಾಗಿ ಒಂದು ಜೀವವನ್ನು ಒಡ್ಡಬಾರದು.

ಚಿತ್ರದಲ್ಲಿ ನಾಯಿ, ಹಸು, ಕೋಳಿ ಏನೇ ಪ್ರಾಣಿಯಿದ್ದರೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲೇ ಅರ್ಜಿ ಹಾಕಿ. ಆ ಪತ್ರವಿಲ್ಲದೆ ಸೆನ್ಸಾರ್‌ನಲ್ಲಿ ಸಿಕ್ಕಿಕೊಂಡವರು ಬಹಳ. ಡ್ರೋನ್‌ಗೆ 2021ರ ನಿಯಮಗಳಿವೆ, ಹಾರಿಸುವ ಮೊದಲು ಆ ಜಾಗ ಯಾವ ವಲಯದಲ್ಲಿದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ.

ಮಕ್ಕಳು ನಟಿಸುತ್ತಿದ್ದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇಕಡಾ 20ನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಸಣ್ಣ ಬಜೆಟ್ಟಿನ ಚಿತ್ರ ಎಂಬ ನೆಪ ಇಲ್ಲಿ ನಡೆಯದು, ನಡೆಯಲೂಬಾರದು.

ಐನ್‌ಮನೆ, ದೇವರಕಾಡುಗಳಲ್ಲಿ ಚಿತ್ರೀಕರಣ ಮಾಡಬಹುದೆ?

ಐನ್‌ಮನೆ ಎಂದರೆ ಕೊಡವ ಮನೆತನದ ಮೂಲಮನೆ. ಅದು ಒಬ್ಬರ ಸ್ವತ್ತಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಅಲ್ಲಿ ವಾಸವಿರುವವರು ಹೂಂ ಎಂದರೆ ಸಾಲದು, ಒಕ್ಕದ ಹಿರಿಯರಾದ ಪಟ್ಟೆದಾರರನ್ನು ಕಂಡು ಕೇಳಬೇಕು. ಪರವೂರಿನಲ್ಲಿರುವ ಕುಟುಂಬದವರ ಗಮನಕ್ಕೂ ಬರಲಿ. ಮನೆಯ ನಡುವಿನ ಪವಿತ್ರ ಜಾಗವಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಚಪ್ಪಲಿ ಹಾಕಿ ಲೈಟ್ ಸ್ಟ್ಯಾಂಡ್ ಎಳೆದಾಡುವ ಹುಡುಗರಿದ್ದರೆ ಹೊಸ್ತಿಲಾಚೆಗೇ ನಿಲ್ಲಿಸಿ. ಗೋಡೆಯ ಕೋವಿ, ಒಡಿಕತ್ತಿ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಪೂಜೆಗೆ ಇಡುವಂಥವು, ಅವನ್ನು ಶೂಟಿಂಗ್ ಸಾಮಾನಿನಂತೆ ಮುಟ್ಟಬಾರದು.

ದೇವರಕಾಡಿನ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ, ಇಷ್ಟು ಕಾಲ ಉಳಿದದ್ದು ಜನ ಕತ್ತಿ ತೆಗೆದುಕೊಂಡು ಒಳಗೆ ಹೋಗದ ಕಾರಣಕ್ಕೆ. ನಾನು ಅಲ್ಲಿ ಕ್ಯಾಮೆರಾ ಇಟ್ಟಿಲ್ಲ, ಇಡುವುದೂ ಇಲ್ಲ.

ಊರಿನವರನ್ನೇ ನಟರನ್ನಾಗಿ ಹಾಕಿಕೊಳ್ಳಬಹುದೆ?

ಖಂಡಿತ. ರಾಮ್ ರೆಡ್ಡಿ ಅವರ 'ತಿಥಿ' ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದ ಜನರನ್ನೇ ನಟರನ್ನಾಗಿಸಿಕೊಂಡು ಮಾಡಿದ ಚಿತ್ರ. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನಾನು 'ಶಕ್ತಿ' ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಡುತ್ತೇನೆ, ಸಂತೆಗಳಲ್ಲಿ ತಿರುಗುತ್ತೇನೆ. ಮಡಿಕೇರಿ ಆಕಾಶವಾಣಿಯಲ್ಲಿ ಮಾತಾಡಿ ಪಳಗಿದವರ ದನಿ ಬಹಳ ಚೆನ್ನ. ಅವರಿಗೆ ಸಂಭಾಷಣೆ ಬಾಯಿಪಾಠ ಮಾಡಿಸಬೇಡಿ. ಸಂದರ್ಭ ಹೇಳಿ, ಮಾತು ಅವರದೇ ಇರಲಿ. ಸಂಭಾವನೆ ಮಾತ್ರ ಪೂರ್ತಿ ಕೊಡಿ. ತೋಟದ ಕೂಲಿಯ ಲೆಕ್ಕದಲ್ಲಿ ನಟನೆಗೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೊಡವ ಭಾಷೆಯಲ್ಲಿ ಮಾಡಲೋ ಕನ್ನಡದಲ್ಲೋ?

ಪಾತ್ರಗಳು ಮನೆಯಲ್ಲಿ ಯಾವ ಭಾಷೆ ಆಡುತ್ತವೋ ಆ ಭಾಷೆಯಲ್ಲಿ. ಕೊಡವ ಚಿತ್ರಗಳ ದಾರಿ ಹೊಸದಲ್ಲ. ಮೊದಲ ಕೊಡವ ಚಿತ್ರ 'ನಾಡ ಮಣ್ಣ್ ನಾಡ ಕೂಳ್' 1972ರಲ್ಲೇ ಬಂದಿತ್ತು. ಮಾರುಕಟ್ಟೆ ಚಿಕ್ಕದು ಎಂಬುದು ನಿಜ, 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆಯವರು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಹಾಗಾಗಿ ಖರ್ಚು ಅದಕ್ಕೆ ತಕ್ಕಂತೆ ಇರಬೇಕು. ಇನ್ನೊಂದು ಕಡೆ, ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇಲ್ಲದ ಭಾಷೆಗಳ ಚಿತ್ರಗಳಿಗೂ ರಾಷ್ಟ್ರ ಪ್ರಶಸ್ತಿಯಲ್ಲಿ ಜಾಗವಿದೆ. ಇಲ್ಲಿಯ ಗೌಡರು ಆಡುವ ಅರೆಭಾಷೆಗೂ ಇದೇ ಮಾತು. ಎರಡೂ ಭಾಷೆಗಳ ಅಕಾಡೆಮಿಗಳು ಮಡಿಕೇರಿಯಲ್ಲೇ ಇವೆ, ಮಾತಿನ ತಪ್ಪು ತಿದ್ದಿಸಿಕೊಳ್ಳಲು ಬಲ್ಲವರು ಅಲ್ಲಿ ಸಿಗುತ್ತಾರೆ. ನನ್ನ ಎರಡನೇ ಚಿತ್ರದಲ್ಲಿ ಮನೆಯೊಳಗೆ ಕೊಡವ, ತೋಟದಲ್ಲಿ ಕನ್ನಡ, ಲೈನ್ ಮನೆಯಲ್ಲಿ ಯರವ ಬುಡಕಟ್ಟಿನವರ ಮಾತು ಇದೆ. ನಮ್ಮ ಬದುಕು ಇರುವುದೇ ಹಾಗೆ.

ಸೆನ್ಸಾರ್ ಕಷ್ಟವೆ?

ಕಾಗದ ಸರಿಯಿದ್ದರೆ ಕಷ್ಟವಿಲ್ಲ. ಅರ್ಜಿ ಆನ್‌ಲೈನ್‌ನಲ್ಲೇ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ವರ್ಗವನ್ನು 7+, 13+, 16+ ಎಂದು ಮೂರಾಗಿ ಒಡೆದಿದ್ದಾರೆ. ಮೊದಲು ಹತ್ತು ವರ್ಷಕ್ಕಿದ್ದ ಪ್ರಮಾಣಪತ್ರ ಈಗ ಶಾಶ್ವತ. ಸೆನ್ಸಾರ್ ಮಂಡಳಿಯ ತೀರ್ಮಾನ ಒಪ್ಪದಿದ್ದರೆ ಮೊದಲು ಮೇಲ್ಮನವಿ ನ್ಯಾಯಮಂಡಳಿ ಇತ್ತು, 2021ರಲ್ಲಿ ಅದನ್ನು ರದ್ದು ಮಾಡಿದ್ದರಿಂದ ಈಗ ಹೈಕೋರ್ಟ್‌ಗೇ ಹೋಗಬೇಕು. ಸಣ್ಣ ನಿರ್ಮಾಪಕರಿಗೆ ಇದು ನಿಜಕ್ಕೂ ಹೊರೆ. ಸಿಗರೇಟು ಸೇದುವ ದೃಶ್ಯವಿದ್ದರೆ ಎಚ್ಚರಿಕೆಯ ಸಾಲು ಹಾಕಬೇಕು, ನಿಮ್ಮ ಸುಂದರ ಚೌಕಟ್ಟಿನ ಮೂಲೆಯಲ್ಲಿ ಅದು ಕೂರುತ್ತದೆ. ಬರೆಯುವಾಗಲೇ ಯೋಚಿಸಿ.

ಚಿತ್ರ ಮುಗಿಯಿತು. ಜನರಿಗೆ ತೋರಿಸುವುದು ಹೇಗೆ?

ನನ್ನ ಮೊದಲ ಚಿತ್ರದ ಬಿಡುಗಡೆಯಲ್ಲಿ ನಾನು ತಪ್ಪು ಮಾಡಿದೆ. ಒಬ್ಬ ವಿತರಕರ ಮಾತು ನಂಬಿ ಒಮ್ಮೆಗೇ ಹದಿನೆಂಟು ಕಡೆ ಬಿಡುಗಡೆ ಮಾಡಿದೆ. ಹೆಚ್ಚಿನ ಕಡೆ ಸಿಕ್ಕಿದ್ದು ಬೆಳಗಿನ ಪ್ರದರ್ಶನ, ಸೋಮವಾರದ ಹೊತ್ತಿಗೆ ಪೋಸ್ಟರ್ ಇಳಿದಿತ್ತು. ಪ್ರಚಾರಕ್ಕೆ ಸುರಿದ ಹಣದ ಲೆಕ್ಕ ಇಂದಿಗೂ ನನ್ನ ಕೈಗೆ ಬಂದಿಲ್ಲ.

ಎರಡನೆಯದಕ್ಕೆ ಬೇರೆ ದಾರಿ ಹಿಡಿದೆ. ಮೊದಲು ಉತ್ಸವಗಳು. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಕನ್ನಡ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧೆಯಿದೆ. ಗೋವಾದಲ್ಲಿ ನವೆಂಬರ್‌ನ ಉತ್ಸವದ ಜೊತೆಗೇ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ (ಎನ್‌ಎಫ್‌ಡಿಸಿ) 2007ರಿಂದ ಫಿಲ್ಮ್ ಬಜಾರ್ ಎಂಬ ಚಿತ್ರಗಳ ಮಾರುಕಟ್ಟೆ ನಡೆಸುತ್ತಿದೆ. ಪೂರ್ತಿಯಾಗದ ಚಿತ್ರವನ್ನೂ ಅಲ್ಲಿ ಬಲ್ಲವರಿಗೆ ತೋರಿಸಿ ಸಲಹೆ ಪಡೆಯಬಹುದು. ದೊಡ್ಡ ಉತ್ಸವಗಳು ಬೇರೆಲ್ಲೂ ತೋರಿಸದ ಚಿತ್ರವನ್ನೇ ಕೇಳುತ್ತವೆ, ಆದ್ದರಿಂದ ಆತುರಕ್ಕೆ ಯೂಟ್ಯೂಬ್‌ಗೆ ಹಾಕಿಬಿಡಬೇಡಿ.

ಆಮೇಲೆ ಊರೂರು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಮಡಿಕೇರಿ, ಪೊನ್ನಂಪೇಟೆ, ವಿರಾಜಪೇಟೆಯ ಕೊಡವ ಸಮಾಜದ ಸಭಾಂಗಣಗಳಲ್ಲಿ, ಕಾಲೇಜುಗಳಲ್ಲಿ, ಬೆಂಗಳೂರು ಮೈಸೂರಿನಲ್ಲಿರುವ ಕೊಡಗಿನವರ ನಡುವೆ ಟಿಕೆಟ್ ಇಟ್ಟು ತೋರಿಸಿದೆವು. ಪ್ರೊಜೆಕ್ಟರ್ ಬಾಡಿಗೆಯದು, ಪರದೆ ನಮ್ಮದೇ. ಪೊನ್ನಂಪೇಟೆಯಲ್ಲಿ ಪ್ರದರ್ಶನದ ನಡುವೆ ಕರೆಂಟು ಹೋಯಿತು. ಇಪ್ಪತ್ತು ನಿಮಿಷ ಒಬ್ಬರೂ ಏಳಲಿಲ್ಲ, ಕತ್ತಲಲ್ಲೇ ಕೂತು ಮುಂದೇನಾಗಬಹುದೆಂದು ಮಾತಾಡಿಕೊಳ್ಳುತ್ತಿದ್ದರು. ಹಾಕಿದ ಹಣದ ಮುಕ್ಕಾಲು ಪಾಲು ಎರಡು ವರ್ಷದಲ್ಲಿ ಹೀಗೇ ಹಿಂದಿರುಗಿತು.

ಒಟಿಟಿಯವರು ಕೊಳ್ಳುವುದಿಲ್ಲವೆ?

ಹೆಸರಾಂತ ನಟರಿಲ್ಲದ ಕನ್ನಡ ಚಿತ್ರಕ್ಕೆ ಮುಂಗಡ ಸಿಗುವುದು ಅಪರೂಪ. ಹೆಚ್ಚಾಗಿ ಜನ ನೋಡಿದಷ್ಟಕ್ಕೆ ಪಾಲು. ಒಪ್ಪಂದದಲ್ಲಿ ಎಷ್ಟು ವರ್ಷ, ಯಾವ ದೇಶಗಳಿಗೆ, ಯಾವ ಭಾಷೆಗಳಿಗೆ ಎಂಬ ಮೂರನ್ನು ಓದದೆ ಸಹಿ ಹಾಕಬೇಡಿ.

ಕಥೆಗಾರರ ಕಥೆ ಬಳಸುವುದಿದ್ದರೆ?

ಬರವಣಿಗೆಯಲ್ಲಿ ಹಕ್ಕು ಪಡೆಯಿರಿ, ಹಣ ಕೊಡಿ. ಬಾಯಿಮಾತಿನ ಒಪ್ಪಿಗೆ ಸಾಲದು. ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಿಂದ ರಾಯಧನದ ಹಕ್ಕಿದೆ, ಅದನ್ನು ಬರೆಸಿಕೊಂಡು ಕಿತ್ತುಕೊಳ್ಳಲು ಬರುವುದಿಲ್ಲ.

ಇದರಿಂದ ಜೀವನ ನಡೆಯುತ್ತದೆಯೆ?

ಚಿತ್ರಗಳಿಂದ ಮಾತ್ರ ನನ್ನ ಮನೆ ನಡೆದಿಲ್ಲ. ಸಾಕ್ಷ್ಯಚಿತ್ರ, ಸಂಸ್ಥೆಗಳಿಗೆ ಮಾಡಿಕೊಡುವ ಕಿರುಚಿತ್ರ, ಹೊರಗಿನಿಂದ ಬರುವ ತಂಡಗಳಿಗೆ ಜಾಗ ತೋರಿಸಿ ಅನುಮತಿ ಮಾಡಿಸಿಕೊಡುವ ಕೆಲಸ, ವರ್ಷಕ್ಕೆರಡು ಕಮ್ಮಟ, ಇವೆಲ್ಲ ಸೇರಿ ಅನ್ನ. ಎರಡು ಚಿತ್ರಗಳ ನಡುವೆ ಐದು ವರ್ಷ ಹೋಯಿತು. ಆ ಐದು ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಲವಿಲ್ಲದ ಖಾತೆ.

ನನ್ನ ಬಳಿ ಮೊಬೈಲ್ ಮಾತ್ರ ಇದೆ. ಎಲ್ಲಿಂದ ಶುರು ಮಾಡಲಿ?

ಒಂದು ಒಳ್ಳೆಯ ಮೈಕು ಕೊಳ್ಳಿ ಅಥವಾ ಕಡ ತನ್ನಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ದಿನವೂ ಕೆಲಸ ಮಾಡುವ ಒಬ್ಬರನ್ನು ಆರಿಸಿ, ಕಣದಲ್ಲಿ ಕಾಫಿ ಹರಡುವವರೋ ಹಂದಿ ಸಾಕುವವರೋ ಯಾರಾದರೂ ಸರಿ, ಅವರ ಒಪ್ಪಿಗೆ ಕೇಳಿ ಒಂದು ವಾರ ಜೊತೆಗಿರಿ. ಮೊದಲ ಮೂರು ದಿನ ಮೊಬೈಲ್ ಜೇಬಿನಿಂದ ತೆಗೆಯಬೇಡಿ. ನಂತರ ಆರು ನಿಮಿಷದ ಚಿತ್ರ ಮಾಡಿ, ಖರ್ಚಾದ ಪ್ರತಿ ರೂಪಾಯಿಯನ್ನೂ ಬರೆದಿಡಿ, ಮುಗಿದ ಮೇಲೆ ಮೊದಲು ಅವರಿಗೇ ತೋರಿಸಿ. ಅವರು ಏನೆಂದರೆಂದು ನನಗೆ ಬಂದು ಹೇಳಿ.